ಉಡುಪಿನ ರಂಗದಲ್ಲಿ ನಿರ್ಭಾವದ ಮುಖ

ಪ್ಯಾರಿಸ್ಸಿನಲ್ಲಿಯೋ ಮಿಲಾನಿನಲ್ಲಿಯೋ ನಡೆದ ಉಡುಪಿನ ಪ್ರದರ್ಶನವೊಂದನ್ನು ಮನೆಯ ಹಿರಿಯರು ಮೊದಲ ಬಾರಿಗೆ ಟೆಲಿವಿಷನ್ನಿನಲ್ಲಿ ನೋಡಿದಾಗ ಅವರ ಬಾಯಿಂದ ಹೊರಡುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: “ಈ ಹುಡುಗಿಗೆ ಯಾರ ಮೇಲೆ ಕೋಪ?” ಕಿರಿಯರು ನಕ್ಕು, ಅಲ್ಲಿ ಹಾಗೆಯೇ ಇರತಕ್ಕದ್ದು, ಅದೇ ಅಲ್ಲಿಯ ಪದ್ಧತಿ ಎಂದು ಸಮಾಧಾನ ಹೇಳುತ್ತಾರೆ. ಪ್ರಶ್ನೆ ಅಲ್ಲಿಗೆ ನಿಲ್ಲುತ್ತದೆ. ಆದರೆ ಪದ್ಧತಿ ಎಂದ ಮಾತ್ರಕ್ಕೆ ವಿಮರ್ಶೆಯ ಬಾಗಿಲು ಮುಚ್ಚಬೇಕಾದುದಿಲ್ಲ. ಪದ್ಧತಿಗೆ ಹುಟ್ಟು ಉಂಟು, ಕಾರಣ ಉಂಟು. ಅದರಿಂದ ಲಾಭ ಪಡೆಯುವವರೂ ನಷ್ಟಕ್ಕೆ ಗುರಿಯಾಗುವವರೂ ಉಂಟು. ಹಿರಿಯರ ಆ ಪ್ರಶ್ನೆ ಮೇಲುನೋಟಕ್ಕೆ ಅರಿಯದವರ ಮಾತಿನಂತೆ ಕಂಡರೂ ವಿಷಯದ ಮರ್ಮವನ್ನು ಮುಟ್ಟಿರಬಹುದೆ ಎಂಬುದು ವಿಚಾರಿಸತಕ್ಕ ಸಂಗತಿ.

ಪ್ರದರ್ಶನದ ರೀತಿ ಬಹುಜನರಿಗೆ ತಿಳಿದದ್ದೇ. ಸಭೆಯ ನಡುವೆ ಉದ್ದವಾದ, ಕಿರಿದಾದ ಒಂದು ಹಾದಿ. ಎರಡು ಪಕ್ಕದಲ್ಲಿಯೂ ಸಾಲುಗಟ್ಟಿ ಕುಳಿತ ಆಹ್ವಾನಿತರು. ಕಾಲುಗಂಟೆಯ ಆಸುಪಾಸಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಅಷ್ಟರೊಳಗೆ ಹತ್ತಾರು ಮಂದಿ ತರುಣಿಯರು, ಕೆಲವೆಡೆ ತರುಣರು, ಒಬ್ಬರ ಹಿಂದೆ ಒಬ್ಬರಂತೆ ಬಂದು ಹೋಗುತ್ತಾರೆ. ಕಣ್ಣು ದೂರದ ಯಾವುದೋ ಬಿಂದುವಿನಲ್ಲಿ ನೆಟ್ಟಿರುತ್ತದೆ, ತುಟಿ ಮುಚ್ಚಿರುತ್ತದೆ, ಹುಬ್ಬು ಏಳುವುದಿಲ್ಲ, ಇಳಿಯುವುದಿಲ್ಲ. ಹಾದಿಯ ಕೊನೆಯಲ್ಲಿ ಛಾಯಾಚಿತ್ರಗಾರರ ಎದುರಿಗೆ ಒಂದು ಕ್ಷಣ ನಿಂತು ಹಿಂದಿರುಗುವಾಗಲೂ ಮುಖ ಬಂದಾಗ ಇದ್ದಂತೆಯೇ ಇರುತ್ತದೆ. ತೊಟ್ಟದ್ದು ಮದುವೆಯ ಬಿಳಿಯ ಉಡುಪಾಗಲಿ, ಸಮುದ್ರತೀರದ ವಿಹಾರಕ್ಕೆ ಹೊಲಿದ ತೆಳುವಾದ ಅಂಗಿಯಾಗಲಿ, ಮುಖ ಮಾತ್ರ ಒಂದೇ.

ಈ ಕಸುಬಿನವರಿಗೆ ಕನ್ನಡದಲ್ಲಿ ‘ರೂಪದರ್ಶಿ’ ಎಂಬ ಮಾತು ಬಳಕೆಗೆ ಬಂದಿದೆ. ವ್ಯಾಕರಣವನ್ನು ಹಿಡಿದು ನೋಡಿದರೆ ‘ದರ್ಶಿ’ ಎಂದರೆ ನೋಡುವವನು, ತೋರಿಸುವವನಲ್ಲ. ಆದರೆ ರೂಢಿಯ ಮುಂದೆ ವ್ಯಾಕರಣದ ಆಟ ನಡೆಯದು. ರೂಪವನ್ನು ತೋರಿಸುವವರು ಎಂದೇ ಜನ ಅರ್ಥಮಾಡಿಕೊಂಡಿದ್ದಾರೆ. ಭಾವವನ್ನು ತೋರಿಸುವವರು ಎಂದಲ್ಲ. ಆ ಮಟ್ಟಿಗೆ ಮಾತು ಉಚಿತವಾಗಿಯೇ ಇದೆ.

ಮುಖ ಏಕೆ ಹೀಗಿರಬೇಕು ಎಂದರೆ ಆ ವ್ಯಾಪಾರದವರು ಕೊಡುವ ಉತ್ತರ ಸಿದ್ಧವಾಗಿರುತ್ತದೆ. ನೋಡುವವರ ದೃಷ್ಟಿ ಉಡುಪಿನ ಮೇಲೆ ನಿಲ್ಲಬೇಕು. ಮುಖ ನಕ್ಕರೆ ದೃಷ್ಟಿ ಮುಖಕ್ಕೆ ಹೋಗುತ್ತದೆ. ಆದುದರಿಂದ ಮುಖ ತಾನಿಲ್ಲವೆಂಬಂತೆ ಇರಬೇಕು. ಈ ವಾದದಲ್ಲಿ ಅರ್ಥವಿಲ್ಲದಿಲ್ಲ. ಜವಳಿ ಅಂಗಡಿಗೆ ಸೀರೆ ಕೊಳ್ಳಲು ಹೋದವರು ಒಂದು ದೃಶ್ಯವನ್ನು ಕಂಡೇ ಇರುತ್ತಾರೆ. ಸೆರಗು ಹೇಗೆ ಕಾಣುತ್ತದೆಂದು ಹೆಂಗಸರು ಅನುಮಾನಿಸಿದರೆ ಅಂಗಡಿಯ ಆಳು, ಮೀಸೆ ಹೊತ್ತ ಗಂಡಸು, ತಾನೇ ನೆರಿಗೆ ಹಿಡಿದು ಸೀರೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಸೆರಗನ್ನು ಹೆಗಲ ಮೇಲೆ ಇಳಿಯಬಿಟ್ಟು ನಿಲ್ಲುತ್ತಾನೆ. ಅವನ ಮುಖದಲ್ಲಿ ಸಂಕೋಚವೂ ಇರುವುದಿಲ್ಲ, ವಿನೋದವೂ ಇರುವುದಿಲ್ಲ. ಕುಳಿತ ಹೆಂಗಸರೂ ನಗುವುದಿಲ್ಲ. ಅವರು ಅಂಚನ್ನು ನೋಡುತ್ತಾರೆ, ಜರಿಯನ್ನು ನೋಡುತ್ತಾರೆ, ಬೆಲೆ ಕೇಳುತ್ತಾರೆ. ಅಲ್ಲಿ ಮುಖ ನಿಜವಾಗಿಯೂ ಮರೆಯಾಗಿದೆ.

ಆದರೆ ಆ ಆಳಿನ ಮುಖವನ್ನು ಯಾರೂ ಆರಿಸಿ ತಂದಿರಲಿಲ್ಲ ಎಂಬುದನ್ನು ಮರೆಯಬಾರದು. ಪ್ಯಾರಿಸ್ಸಿನ ಹಾದಿಯ ಮೇಲೆ ನಡೆಯುವ ಮುಖವಾದರೋ ದೇಶದೇಶಗಳನ್ನು ಹುಡುಕಿ ಆರಿಸಿದ್ದು. ಕೆನ್ನೆಯ ಎಲುಬು, ಕಣ್ಣುಗಳ ನಡುವಣ ಅಂತರ, ತುಟಿಯ ರೇಖೆ ಎಲ್ಲವನ್ನೂ ಅಳೆದು ನೋಡಿ, ನೂರು ಜನರನ್ನು ಬೇಡವೆಂದು ಕಳುಹಿಸಿ, ಒಬ್ಬಳನ್ನು ಉಳಿಸಿಕೊಂಡದ್ದು. ಮುಖ ಲೆಕ್ಕಕ್ಕೆ ಬಾರದ ವಸ್ತುವಾಗಿದ್ದರೆ ಇಷ್ಟು ಶ್ರಮವೇಕೆ? ಬರಿಯ ಉಡುಪನ್ನು ತೋರಿಸುವುದಕ್ಕೆ ಬೊಂಬೆಗಳೇ ಸಾಕಾಗಿದ್ದುವು. 18ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಹೊಸ ಉಡುಪುಗಳ ವರ್ತಮಾನ ಯೂರೋಪಿನ ಇತರ ಆಸ್ಥಾನಗಳಿಗೆ ಹೋಗುತ್ತಿದ್ದುದು ‘ಪಂಡೋರಾ’ ಎಂದು ಕರೆಯುತ್ತಿದ್ದ ಬೊಂಬೆಗಳ ಮೂಲಕವೇ. ಫ್ರೆಂಚರು ರೂಪದರ್ಶಿಯನ್ನು ಕರೆಯುವ ‘ಮಾನೆಕ್ಯಾಂ’ ಎಂಬ ಹೆಸರೂ ಚಿಕ್ಕ ಮನುಷ್ಯ ಎಂಬರ್ಥದ ಡಚ್ ಮಾತಿನಿಂದ ಬಂದು, ಮೊದಲು ಚಿತ್ರಕಾರರ ಮರದ ಬೊಂಬೆಗೆ ಸಂದು, ಆಮೇಲೆ ಜೀವವುಳ್ಳ ಹೆಂಗಸಿಗೆ ಅಂಟಿಕೊಂಡದ್ದು. ಬೊಂಬೆಯನ್ನು ಬಿಟ್ಟು ಮನುಷ್ಯರನ್ನು ತಂದವರು ಮನುಷ್ಯರಲ್ಲಿ ಬೊಂಬೆಗಿಲ್ಲದ ಏನನ್ನೋ ಬಯಸಿಯೇ ತಂದಿರಬೇಕು. ತಂದ ಮೇಲೆ ಅದನ್ನೇ ತಡೆದು ಹಿಡಿದದ್ದು ಏಕೆ ಎಂಬುದೇ ಇಲ್ಲಿಯ ಪ್ರಶ್ನೆ.

ಇದಕ್ಕೆ ಉತ್ತರವನ್ನು ಆ ಕಸುಬಿನ ಚರಿತ್ರೆಯಲ್ಲಿ ಹುಡುಕಬೇಕು. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಆಂಗ್ಲೇಯನು 1858ರಲ್ಲಿ ಪ್ಯಾರಿಸ್ಸಿನ ರೂ ದ ಲಾ ಪೇ ಎಂಬ ಬೀದಿಯಲ್ಲಿ ತನ್ನ ಉಡುಪಿನ ಮನೆಯನ್ನು ತೆರೆದನು. ತಾನು ಕಲ್ಪಿಸಿದ ಉಡುಪುಗಳನ್ನು ತನ್ನ ಹೆಂಡತಿ ಮರೀ ವೆರ್ನೆಗೆ ತೊಡಿಸಿ ಗಿರಾಕಿಗಳಿಗೆ ತೋರಿಸುತ್ತಿದ್ದನು. ಆಕೆ ಅದಕ್ಕೆ ಮೊದಲು ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಕಾಲಕ್ರಮದಲ್ಲಿ ಇಂತಹ ಮನೆಗಳೆಲ್ಲ ಈ ಕೆಲಸಕ್ಕೆಂದೇ ಹುಡುಗಿಯರನ್ನು ನೇಮಿಸಿಕೊಂಡುವು. ಅವರು ಬಡವರ ಮನೆಯ ಹುಡುಗಿಯರು. ತೊಡುತ್ತಿದ್ದುದು ಶ್ರೀಮಂತರ ಮನೆಯ ಹೆಂಗಸರು ತೊಡಬೇಕಾದ ಉಡುಪು. ಈ ವೈಷಮ್ಯವನ್ನು ಹೇಗೆ ನಿರ್ವಹಿಸಬೇಕೆಂಬುದು ಅಂಗಡಿಯವರಿಗೆ ದೊಡ್ಡ ತೊಡಕಾಯಿತು. ಕತ್ತಿನಿಂದ ಮಣಿಕಟ್ಟಿನವರೆಗೆ ಮೈಯೆಲ್ಲ ಮುಚ್ಚುವ ಕಪ್ಪು ಸ್ಯಾಟಿನ್ ಬಟ್ಟೆಯನ್ನು ಅವರಿಗೆ ಒಳಗೆ ತೊಡಿಸಿ, ಅದರ ಮೇಲೆ ಮಾರಾಟದ ಉಡುಪನ್ನು ಹಾಕುತ್ತಿದ್ದರು. ತೋಳಿಲ್ಲದ, ಕತ್ತು ತೆರೆದ ಸಂಜೆಯ ಉಡುಪಿನೊಳಗಿಂದ ಕರಿಯ ತೋಳು ಹೊರಟಿರುವುದು ಎಷ್ಟು ವಿಕಾರವಾಗಿ ಕಂಡಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಆದರೆ ಅದರ ಇಂಗಿತ ಸ್ಪಷ್ಟವಾಗಿತ್ತು: ಉಡುಪು ಆ ಮೈಗೆ ಸೇರಿದ್ದಲ್ಲ. ಗಿರಾಕಿಯೊಡನೆ ಮಾತಾಡುವುದಕ್ಕೆ ಮಾರುವ ಹೆಂಗಸು ಬೇರೆಯೇ ಇರುತ್ತಿದ್ದಳು. ತೊಟ್ಟವಳ ಕೆಲಸ ನಡೆಯುವುದು, ನಿಲ್ಲುವುದು, ತಿರುಗುವುದು, ಇಷ್ಟೇ. ಮೊದಲು ಮೈ ಮರೆಯಾಯಿತು, ಜೊತೆಗೇ ಮಾತು ಹೋಯಿತು. ಉಳಿದದ್ದು ಮುಖವೊಂದು.

ಮುಖದ ಸಂಗತಿಯನ್ನು ಇತ್ಯರ್ಥಮಾಡಿದವಳು ಲಂಡನ್ನಿನ ಲೂಸಿಲ್ ಎಂದರೆ ತಪ್ಪಾಗಲಾರದು. ಆಕೆ ಲೇಡಿ ಡಫ್ ಗಾರ್ಡನ್. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಬದುಕಿ ಬಂದವರಲ್ಲಿ ಒಬ್ಬಳೆಂದು ಕೆಲವರಿಗೆ ಆಕೆಯ ಹೆಸರು ಪರಿಚಿತವಾಗಿರಬಹುದು. ಕಪ್ಪು ಸ್ಯಾಟಿನ್ನಿನ ಕವಚ ಆಕೆಗೆ ಹಿಡಿಸಲಿಲ್ಲ. ಅದನ್ನು ಕಿತ್ತೊಗೆದು, ಒಂದು ಪುಟ್ಟ ರಂಗವನ್ನು ಕಟ್ಟಿ, ಪರದೆ, ಮಂದವಾದ ಬೆಳಕು, ಸಂಗೀತಗಳನ್ನು ಕೂಡಿಸಿ, ಉಡುಪನ್ನು ತೋರಿಸುವುದನ್ನು ನಾಟಕದ ಹತ್ತಿರಕ್ಕೆ ತಂದಳು. ಹುಡುಗಿಯರಿಗೆ ನಡಿಗೆ ನಿಲುವುಗಳನ್ನು ಕಲಿಸಿದಳು. ಅವರ ಸಾಮಾನ್ಯವಾದ ಹೆಸರುಗಳನ್ನು ತೆಗೆದು ಬೆಡಗಿನ ಹೊಸ ಹೆಸರುಗಳನ್ನಿಟ್ಟಳು. ಅದಕ್ಕಿಂತ ಸ್ವಾರಸ್ಯವಾದದ್ದು ಉಡುಪುಗಳಿಗೆ ಆಕೆ ಇಟ್ಟ ಹೆಸರು. ಅವುಗಳನ್ನು ಭಾವದ ಉಡುಪುಗಳೆಂದೇ ಆಕೆ ಕರೆದಳು. ಒಂದು ಉಡುಪಿಗೆ ‘ತೃಪ್ತಿ ಕಾಣದ ತುಟಿಗಳ ನಿಟ್ಟುಸಿರು’ ಎಂಬ ಅರ್ಥದ ಹೆಸರು ಇತ್ತು. ನಿಟ್ಟುಸಿರು ಉಡುಪಿನದು, ತೊಟ್ಟವಳ ತುಟಿ ಮಾತ್ರ ಅಲುಗುವಂತಿರಲಿಲ್ಲ. ಮುಖದಲ್ಲಿರಬೇಕಾಗಿದ್ದ ಭಾವವನ್ನು ಅಲ್ಲಿಂದ ಕಿತ್ತು ಬಟ್ಟೆಗೆ ಹೊಲಿದಂತಾಯಿತು. ಈ ಮುಖದ ಚರಿತ್ರೆಯಲ್ಲೆಲ್ಲ ಇದಕ್ಕಿಂತ ಮುಖ್ಯವಾದ ಘಟನೆ ಇನ್ನೊಂದು ಕಾಣುವುದಿಲ್ಲ. ಕೊಳ್ಳುವವಳು ಉಡುಪಿನೊಡನೆ ಭಾವವನ್ನೂ ಕೊಂಡುಕೊಂಡು ಮನೆಗೆ ಹೋಗಬೇಕಾದರೆ, ತೋರಿಸುವವಳು ಅದನ್ನು ಮೊದಲೇ ಅನುಭವಿಸಿ ಎಂಜಲುಮಾಡಬಾರದಷ್ಟೆ.

ಲೂಸಿಲ್ಲಳ ಹುಡುಗಿಯರಲ್ಲಿ ಡೊಲೊರೆಸ್ ಎಂಬವಳು ಪ್ರಸಿದ್ಧಳಾದಳು. ಇದೂ ಇಟ್ಟ ಹೆಸರೇ, ಸ್ಪೇನಿನ ಭಾಷೆಯಲ್ಲಿ ದುಃಖಗಳು ಎಂದರ್ಥ, ಹುಡುಗಿ ಇಂಗ್ಲೆಂಡಿನವಳು. ಬಹು ಎತ್ತರದ ಆಳು. 1917ರಲ್ಲಿ ನ್ಯೂಯಾರ್ಕಿನ ಜೀಗ್‌ಫೆಲ್ಡ್ ನಾಟಕಶಾಲೆಯವರು ಆಕೆಯನ್ನು ರಂಗದ ಮೇಲೆ ತಂದರು. ಹಾಡು, ಕುಣಿತ, ಹಾಸ್ಯಗಳಿಂದ ತುಂಬಿದ ಆ ಪ್ರದರ್ಶನದಲ್ಲಿ ಆಕೆ ಹಾಡಲಿಲ್ಲ, ಕುಣಿಯಲಿಲ್ಲ, ನಡೆದಳು. 1919ರಲ್ಲಿ ಬಿಳಿಯ ನವಿಲಿನ ವೇಷದಲ್ಲಿ ಬಂದು ನಿಂತಳು. ಎಂದೂ ನಗದವಳೆಂಬುದೇ ಆಕೆಯ ಖ್ಯಾತಿಯಾಯಿತು. ಅಂಗಡಿಯಲ್ಲಿ ಊಳಿಗದವಳ ನಿಯಮವಾಗಿದ್ದ ನಿರ್ಭಾವ ರಂಗದ ಮೇಲೆ ರಾಣಿಯ ಗಾಂಭೀರ್ಯವಾಗಿ ತೋರಿತು. ಜನ ಹಣ ತೆತ್ತು ಅದನ್ನು ನೋಡಿದರು.

ಈ ಮಾರ್ಪಾಡು ಅಷ್ಟು ಸುಲಭವಾಗಿ ಆಗಲು ಬೇರೊಂದು ಕಾರಣವೂ ಇತ್ತು. ನಗದಿರುವುದು ಯೂರೋಪಿನಲ್ಲಿ ಹಿಂದಿನಿಂದಲೂ ದೊಡ್ಡವರ ಲಕ್ಷಣ. ವಿಜೇ ಲ ಬ್ರಾಂ ಎಂಬ ಚಿತ್ರಗಾರ್ತಿ 1787ರಲ್ಲಿ ಪ್ಯಾರಿಸ್ಸಿನ ಕಲಾಪ್ರದರ್ಶನದಲ್ಲಿ ತನ್ನದೂ ತನ್ನ ಮಗಳದೂ ಆದ ಚಿತ್ರವೊಂದನ್ನು ಇಟ್ಟಾಗ, ತುಟಿ ತೆರೆದು ಹಲ್ಲು ಕಾಣುವಂತೆ ನಗುವ ತಾಯಿಯ ಮುಖವನ್ನು ಕಂಡು ರಸಿಕರೆನಿಸಿಕೊಂಡವರು ಹುಬ್ಬು ಗಂಟಿಕ್ಕಿದರು. ಹಲ್ಲು ಕಾಣಿಸುವುದು ಹುಚ್ಚರಿಗೆ, ಕುಡುಕರಿಗೆ, ಬೀದಿಯ ಜನಕ್ಕೆ ಒಪ್ಪತಕ್ಕದ್ದು ಎಂಬುದು ಚಿತ್ರಕಲೆಯ ಅಂದಿನ ಮರ್ಯಾದೆ. ಬೋದಿಲೇರ್ ಕವಿ 1863ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ವರ್ಣಿಸುವ ಸೊಗಸುಗಾರನಿಗೂ ಪರರನ್ನು ಬೆರಗುಗೊಳಿಸುವುದು ಸಂತೋಷವೇ ಹೊರತು ತಾನು ಬೆರಗಾಗುವುದಲ್ಲ. ಹೀಗೆ ಎರಡು ಮೌನಗಳು ಒಂದು ಮುಖದಲ್ಲಿ ಬಂದು ಕೂಡಿದುವು: ಬಾಯಿ ತೆರೆಯಕೂಡದೆಂಬ ಊಳಿಗದವರ ಮೌನ ಒಂದು; ಬಾಯಿ ತೆರೆಯಬೇಕಾದ ಅಗತ್ಯವಿಲ್ಲವೆಂಬ ಒಡೆಯರ ಮೌನ ಇನ್ನೊಂದು. ಆ ಹಾದಿಯ ಮೇಲೆ ನಡೆಯುವವಳಿಗೆ ಮೊದಲನೆಯದು ಸ್ಥಿತಿ, ಎರಡನೆಯದು ವೇಷ.

ಭಾರತೀಯ ನಾಟ್ಯಶಾಸ್ತ್ರದ ಪರಿಭಾಷೆಯಲ್ಲಿ ಇದನ್ನು ಪರಿಶೀಲಿಸಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಅಭಿನಯ ನಾಲ್ಕು ಬಗೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಉಡುಪು, ಆಭರಣ, ಬಣ್ಣಗಳು ಆಹಾರ್ಯಕ್ಕೆ ಸೇರಿದುವು. ನಾಟ್ಯದಲ್ಲಿ ಆಹಾರ್ಯ ಸ್ಥಿರ. ಅದರ ನಡುವೆ ಮುಖ ಚಲಿಸುತ್ತದೆ, ಒಳಗಿನ ಸತ್ತ್ವ ಹೊರಗೆ ತೋರುತ್ತದೆ. ಉಡುಪಿನ ಪ್ರದರ್ಶನದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಆಹಾರ್ಯವೇ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಮುಖ ಸ್ಥಿರವಾಗಿ ನಿಂತುಬಿಡುತ್ತದೆ. ಭರತನು ನಿರ್ಭಾವವನ್ನು ಅರಿಯದವನಲ್ಲ. ಮುಖರಾಗವನ್ನು ಸ್ವಾಭಾವಿಕ, ಪ್ರಸನ್ನ, ರಕ್ತ, ಶ್ಯಾಮ ಎಂದು ನಾಲ್ಕಾಗಿ ಹೇಳಿ, ಭಾವ ಯಾವ ಕಡೆಗೂ ವಾಲದೆ ನಡುವೆ ಇರುವಾಗ ಸ್ವಾಭಾವಿಕವನ್ನು ಪ್ರಯೋಗಿಸಬೇಕೆಂದು ವಿಧಿಸಿದ್ದಾನೆ. ಅಂದರೆ ಅದು ನಾಲ್ಕರಲ್ಲಿ ಒಂದು, ಉಳಿದ ಮೂರಕ್ಕೆ ಅವಕಾಶ ಕೊಟ್ಟು ನಿಲ್ಲುವಂಥದು. ರಾಗಾಲಾಪದ ನಡುವಣ ನಿಲುಗಡೆಯೂ ಸಂಗೀತವೇ. ಆದರೆ ಕಚೇರಿಯೆಲ್ಲ ನಿಲುಗಡೆಯೇ ಆದರೆ ಅದನ್ನು ಯಾರು ಕೇಳಿಯಾರು? ಇದು ಶಾಂತರಸವೆಂದು ಹೇಳಿ ಜಾರಿಕೊಳ್ಳುವುದೂ ಸಲ್ಲದು. ಶಾಂತ ಎಂಬುದು ಭಾವಗಳೆಲ್ಲ ಅಡಗಿದ ಮೇಲಣ ಸ್ಥಿತಿ. ಈ ಮುಖದಲ್ಲಾದರೋ ಅಡಗುವುದಕ್ಕೆ ಭಾವ ಎದ್ದೇ ಇಲ್ಲ, ಅಥವಾ ಎದ್ದುದನ್ನು ಅಪ್ಪಣೆಯ ಮೇರೆಗೆ ತುಳಿದಿಡಲಾಗಿದೆ.

ನಿರ್ಭಾವದ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಚಲಚ್ಚಿತ್ರದ ಕಡೆಯಿಂದ ಬರುತ್ತದೆ. ಅದನ್ನು ಮರೆಮಾಚಿದರೆ ವಿಮರ್ಶೆ ನ್ಯಾಯವಾಗುವುದಿಲ್ಲ. ರಷ್ಯದ ಕುಲೆಶೋವ್ 1920ರ ಸುಮಾರಿನಲ್ಲಿ ಮಾಡಿದ ಪರೀಕ್ಷೆಯೊಂದನ್ನು ಆತನ ಶಿಷ್ಯ ಪುದೋವ್‌ಕಿನ್ ಬರೆದಿಟ್ಟಿದ್ದಾನೆ. ಮೊಜೂಖಿನ್ ಎಂಬ ನಟನ ನಿರ್ಭಾವವಾದ ಮುಖದ ಒಂದೇ ಚಿತ್ರವನ್ನು ಒಮ್ಮೆ ಸಾರಿನ ಬಟ್ಟಲಿನ ಪಕ್ಕದಲ್ಲಿ, ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸಿನ ಪಕ್ಕದಲ್ಲಿ, ಇನ್ನೊಮ್ಮೆ ಆಡುತ್ತಿರುವ ಮಗುವಿನ ಪಕ್ಕದಲ್ಲಿ ಜೋಡಿಸಿ ತೋರಿಸಿದರಂತೆ. ನೋಡಿದವರು ಆ ಮುಖದಲ್ಲಿ ಆಲೋಚನೆಯನ್ನೂ ಶೋಕವನ್ನೂ ವಾತ್ಸಲ್ಯವನ್ನೂ ಕಂಡು ನಟನ ಕೌಶಲವನ್ನು ಹೊಗಳಿದರಂತೆ. ಇನ್ನೊಂದು ನಿದರ್ಶನ ಗ್ರೇಟಾ ಗಾರ್ಬೊ ನಟಿಸಿದ ‘ಕ್ವೀನ್ ಕ್ರಿಸ್ಟಿನಾ’ ಎಂಬ 1933ರ ಚಿತ್ರದ ಕೊನೆಯ ದೃಶ್ಯ. ಕಿರೀಟವನ್ನು ತ್ಯಜಿಸಿ ಬಂದ ರಾಣಿ, ಪ್ರಿಯನು ಸತ್ತ ಮೇಲೆ, ಹೊರಟ ಹಡಗಿನ ಮುಂದುಗಡೆಯಲ್ಲಿ ನಿಂತಿದ್ದಾಳೆ. ಏನನ್ನೂ ಯೋಚಿಸಬೇಡ, ಮುಖವನ್ನು ಬರಿದುಮಾಡಿಕೊ ಎಂದು ನಿರ್ದೇಶಕ ಮಮೂಲಿಯನ್ ಹೇಳಿದ್ದನು. ಆಕೆ ಹಾಗೆಯೇ ನಿಂತಳು. ಕ್ಯಾಮರಾ ಮುಖದ ಹತ್ತಿರಕ್ಕೆ ಸರಿಯುತ್ತ ಬರುತ್ತದೆ, ಆ ಬರಿದಾದ ಮುಖದಲ್ಲಿ ನೋಡುವವರು ತಮ್ಮ ಜನ್ಮದ ದುಃಖವನ್ನೆಲ್ಲ ಕಾಣುತ್ತಾರೆ. ಅಭಿನಯವಿಲ್ಲದೆ ರಸನಿಷ್ಪತ್ತಿಯಾಗುವುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ದೊರೆಯುವುದು ಕಷ್ಟ.

ಆದರೆ ಈ ಎರಡು ನಿದರ್ಶನಗಳಲ್ಲಿಯೂ ಮುಖದ ಹಿಂದೆ ಮುಂದೆ ಏನೋ ಒಂದು ಇದೆ. ಗಾರ್ಬೊಳ ಮುಖದ ಹಿಂದೆ ಒಂದೂವರೆ ಗಂಟೆಯ ಕಥೆ ಇದೆ. ಮೊಜೂಖಿನನ ಮುಖದ ಪಕ್ಕದಲ್ಲಿ ಸಾವು ಇದೆ, ಮಗು ಇದೆ. ವಿಭಾವವಿದ್ದುದರಿಂದಲೇ ನೋಡುವವರಿಗೆ ಭಾವ ಸ್ಫುರಿಸಿತು. ಉಡುಪಿನ ಹಾದಿಯಲ್ಲಿ ಒಂದು ಬರಿದಾದ ಮುಖದ ಹಿಂದೆ ಬರುವುದು ಇನ್ನೊಂದು ಬರಿದಾದ ಮುಖ. ಪಕ್ಕದಲ್ಲಿ ಇರುವುದೆಂದರೆ ಬೆಲೆಬಾಳುವ ಬಟ್ಟೆ, ಮುಂದಿನ ಸಾಲಿನಲ್ಲಿ ಕುಳಿತ ಧನಿಕರು, ಒಳಗೆ ಬರಲು ಆಹ್ವಾನವಿಲ್ಲದೆ ಹೊರಗೆ ನಿಂತವರು. ಈ ವಿಭಾವಗಳಿಂದ ಸಹೃದಯನ ಮನಸ್ಸಿನಲ್ಲಿ ಏಳತಕ್ಕ ಭಾವ ಯಾವುದು? ತಿರಸ್ಕಾರವಲ್ಲದೆ ಬೇರೆ ತೋರುವುದಿಲ್ಲ. ಇದು ನಿನಗಲ್ಲ ಎಂದು ಆ ಮುಖ ಹೇಳುತ್ತದೆ. ಹೇಳಬೇಕೆಂದು ಆ ಹುಡುಗಿ ಬಯಸಿರಲಾರಳು. ಯಾರ ಮೇಲೆ ಕೋಪವೆಂದು ಕೇಳಿದ ಹಿರಿಯರು, ಆದುದರಿಂದ, ಕುಲೆಶೋವನ ಪ್ರೇಕ್ಷಕರಂತೆಯೇ ಇದ್ದುದನ್ನು ಇದ್ದಂತೆ ಓದಿದವರು. ಉಡುಪಿಗೆ ದಾರಿ ಬಿಡುವುದಕ್ಕಾಗಿ ಮುಖ ಬರಿದಾಯಿತೆಂಬ ವಾದ ಇಲ್ಲಿ ಮುರಿದು ಬೀಳುತ್ತದೆ. ಬರಿದಾದ ಮುಖ ಏನನ್ನೂ ಹೇಳದೆ ಇರುವುದಿಲ್ಲ. ಒಂದೇ ಮಾತನ್ನು ಪದೇ ಪದೇ ಹೇಳುತ್ತದೆ.

ಹಾಗಾದರೆ ಅವರೆಲ್ಲರೂ ನಗಲಿ ಎಂದು ಕೇಳಬೇಕೆ? ಅದು ಇನ್ನೂ ಕೆಟ್ಟದ್ದು. ಈ ಪ್ರದರ್ಶನಗಳ ಮೊದಲ ಮೂರು ದಶಕಗಳ ಚರಿತ್ರೆಯನ್ನು ಬರೆದ ಕ್ಯಾರಲೈನ್ ಇವಾನ್ಸ್ 2013ರ ತನ್ನ ಗ್ರಂಥಕ್ಕೆ ‘ಯಾಂತ್ರಿಕ ಮುಗುಳ್ನಗೆ’ ಎಂಬರ್ಥದ ಹೆಸರನ್ನಿಟ್ಟಿರುವುದು ಸುಮ್ಮನೆ ಅಲ್ಲ. ನಗೆಯೂ ಕೀಲು ಕೊಟ್ಟ ಬೊಂಬೆಯ ನಗೆಯಾಗಬಹುದು. ವಿಮಾನದ ಪರಿಚಾರಿಕೆಯರ ನಗೆ ಸಂಬಳಕ್ಕೆ ಸೇರಿದ ದುಡಿಮೆಯೆಂಬುದನ್ನು ಆರ್ಲೀ ಹಾಕ್‌ಶೀಲ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 1983ರಲ್ಲಿಯೇ ವಿಸ್ತಾರವಾಗಿ ತೋರಿಸಿದ್ದಾಳೆ. ಒಳಉಡುಪುಗಳನ್ನು ಮಾರುವ ವಿಕ್ಟೋರಿಯಾಸ್ ಸೀಕ್ರೆಟ್ ಎಂಬ ಅಮೆರಿಕದ ಸಂಸ್ಥೆ 1995ರಿಂದ 2018ರ ವರೆಗೆ ನಡೆಸಿದ ಪ್ರದರ್ಶನಗಳಲ್ಲಿ ಹುಡುಗಿಯರು ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು ನಗುತ್ತ, ಕೈಯಿಂದ ಮುತ್ತುಗಳನ್ನು ತೂರುತ್ತ ಬಂದರು. ಅದರಲ್ಲಿ ಯಾರಾದರೂ ಸ್ವಾತಂತ್ರ್ಯವನ್ನು ಕಂಡಿದ್ದರೆ ಅವರ ಕಣ್ಣು ಬಹಳ ಉದಾರವಾದದ್ದು. ದೋಷವಿರುವುದು ನಗದಿರುವುದರಲ್ಲಿ ಅಲ್ಲ. ಮುಖ ಅದನ್ನು ಹೊತ್ತವರ ಕೈಯಲ್ಲಿ ಇಲ್ಲದಿರುವುದರಲ್ಲಿ.

ಈ ವಿಷಯದ ಆರ್ಥಿಕ ಮುಖವನ್ನು ಆಶ್ಲೀ ಮೀಯರ್ಸ್ 2011ರಲ್ಲಿ ಪ್ರಕಟಿಸಿದ ತನ್ನ ಸಂಶೋಧನೆಯಲ್ಲಿ ಬಿಚ್ಚಿಟ್ಟಿದ್ದಾಳೆ. ಆಕೆ ಸಮಾಜಶಾಸ್ತ್ರಜ್ಞೆ, ನ್ಯೂಯಾರ್ಕ್ ಲಂಡನ್ನುಗಳಲ್ಲಿ ತಾನೇ ಈ ಕಸುಬಿನಲ್ಲಿ ದುಡಿದು ನೋಡಿ ಬರೆದವಳು. ಅಲ್ಲಿ ಎರಡು ಪೇಟೆಗಳಿವೆಯಂತೆ. ಅಂಗಡಿಗಳ ಬೆಲೆಪಟ್ಟಿಯ ಪುಸ್ತಕಗಳಿಗೂ ಜಾಹೀರಾತುಗಳಿಗೂ ಬೇಕಾಗುವ ಪೇಟೆ ಒಂದು. ಅಲ್ಲಿ ಪ್ರಸನ್ನವಾದ, ಪಕ್ಕದ ಮನೆಯ ಹುಡುಗಿಯಂಥ ಮುಖಕ್ಕೆ ಬೇಡಿಕೆ, ಸಂಭಾವನೆಯೂ ಚೆನ್ನಾಗಿ ದೊರೆಯುತ್ತದೆ. ಹೆಸರಾದ ಪತ್ರಿಕೆಗಳೂ ಪ್ರದರ್ಶನದ ಹಾದಿಗಳೂ ಇನ್ನೊಂದು ಪೇಟೆ. ಅಲ್ಲಿ ವಿಚಿತ್ರವಾದ, ನಗದ ಮುಖಕ್ಕೆ ಮರ್ಯಾದೆ, ಸಂಭಾವನೆ ಮಾತ್ರ ಅತ್ಯಲ್ಪ. ಕೆಲವೆಡೆ ಹಣಕ್ಕೆ ಬದಲಾಗಿ ಬಟ್ಟೆಯನ್ನೇ ಕೊಡುವುದುಂಟು. ನಗುವಿಗೆ ಹಣ, ನಗದಿರುವುದಕ್ಕೆ ಗೌರವ. ಶ್ರೀಮಂತಿಕೆಯ ತಿರಸ್ಕಾರವನ್ನು ಜಗತ್ತಿಗೆ ತೋರಿಸುತ್ತ ನಡೆಯುವ ಹುಡುಗಿ ಕೆಲವೊಮ್ಮೆ ತನ್ನ ಏಜೆನ್ಸಿಗೆ ಸಾಲಗಾರಳಾಗಿರುತ್ತಾಳೆಂಬುದು ಆ ಪುಸ್ತಕದಿಂದ ತಿಳಿದುಬರುವ ಕಹಿಯಾದ ಸಂಗತಿ.

ಮುಖಕ್ಕೆ ಭಾವ ಬಂದರೆ ಹೆಸರು ಬರುತ್ತದೆ, ಹೆಸರು ಬಂದರೆ ಬೆಲೆ ಏರುತ್ತದೆ ಎಂಬುದನ್ನು ಈ ವ್ಯಾಪಾರ ಒಮ್ಮೆ ಅನುಭವಿಸಿಯೂ ಇತ್ತು. 1991ರ ಮಾರ್ಚಿಯಲ್ಲಿ ಮಿಲಾನಿನ ವರ್ಸಾಚೆ ಪ್ರದರ್ಶನದ ಕೊನೆಗೆ ನವೋಮಿ ಕ್ಯಾಂಪ್‌ಬೆಲ್, ಸಿಂಡಿ ಕ್ರಾಫರ್ಡ್, ಲಿಂಡಾ ಇವಾಂಜೆಲಿಸ್ತಾ, ಕ್ರಿಸ್ಟಿ ಟರ್ಲಿಂಗ್‌ಟನ್ ನಾಲ್ವರೂ ಒಟ್ಟಾಗಿ, ಜಾರ್ಜ್ ಮೈಕೇಲನ ಹಾಡಿಗೆ ತುಟಿಯಾಡಿಸುತ್ತ, ನಗುತ್ತ ಬಂದರು. ಆ ಕಾಲದಲ್ಲಿ ಅವರ ಹೆಸರು ಉಡುಪು ಹೊಲಿದವರ ಹೆಸರಿನಷ್ಟೇ ದೊಡ್ಡದು. ದಿನಕ್ಕೆ 10,000 ಡಾಲರಿಗೆ ಕಡಿಮೆಯಾದರೆ ತಾವು ಹಾಸಿಗೆ ಬಿಟ್ಟೇಳುವವರಲ್ಲ ಎಂದು ಇವಾಂಜೆಲಿಸ್ತಾ 1990ರಲ್ಲಿ ಆಡಿದ ಮಾತು ಬಹಳ ಟೀಕೆಗೆ ಗುರಿಯಾಯಿತು. ಅಹಂಕಾರದ ಮಾತೇ ಸರಿ; ಆದರೆ ಬೊಂಬೆಯ ಬಾಯಲ್ಲಿ ಬರುವ ಮಾತಲ್ಲ. ಕೆಲವೇ ವರ್ಷಗಳಲ್ಲಿ ಗಾಳಿ ಬದಲಾಯಿತು. ತೀರ ಎಳೆಯ, ತೀರ ಕೃಶರಾದ, ಒಬ್ಬರಂತೆ ಒಬ್ಬರು ಕಾಣುವ ಹುಡುಗಿಯರು ಹಾದಿಯನ್ನು ತುಂಬಿದರು. ಗುರುತು ಸಿಕ್ಕದ ಮುಖವನ್ನು ಮುಂದಿನ ಋತುವಿನಲ್ಲಿ ಬದಲಾಯಿಸುವುದು ಸುಲಭ. ಅದು ಸಂಬಳ ಹೆಚ್ಚಿಸೆಂದು ಕೇಳುವುದೂ ಇಲ್ಲ.

ಬದಲಾಯಿಸುವುದು ಮಾತ್ರವಲ್ಲ, ಬಚ್ಚಿಡುವುದೂ ಸುಲಭ. ಆಯಾಸ, ಹಸಿವು, ಅಂಜಿಕೆ, ಎಲ್ಲಕ್ಕೂ ಮೊದಲು ತೋರುವ ಸ್ಥಳ ಮುಖ. ಆ ಮುಖವನ್ನೇ ಓದಲಾಗದಂತೆ ಮಾಡಿದರೆ ಒಳಗಿನ ಸಮಾಚಾರ ಹೊರಗೆ ಬರುವ ದಾರಿ ಯಾವುದು? ಅದು ಕೊನೆಗೆ ಕಾನೂನಿನ ಮೂಲಕ ಬರಬೇಕಾಯಿತು. 2017ರಲ್ಲಿ ಫ್ರಾನ್ಸ್ ದೇಶ ರೂಪದರ್ಶಿಗಳ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರವನ್ನು ಕಡ್ಡಾಯಮಾಡಿತು. ಮೈಯ ಗಾತ್ರವನ್ನು ತಿದ್ದಿದ ಜಾಹೀರಾತಿನ ಛಾಯಾಚಿತ್ರಗಳ ಮೇಲೆ ತಿದ್ದಿದ್ದೆಂದು ನಮೂದಿಸಬೇಕೆಂದು ವಿಧಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಲ್‌ವಿಎಂಎಚ್, ಕೆರಿಂಗ್ ಎಂಬ ಎರಡು ದೊಡ್ಡ ಸಂಸ್ಥೆಗಳು ಒಂದು ಒಪ್ಪಂದವನ್ನು ಪ್ರಕಟಿಸಿ, 16 ವರ್ಷ ತುಂಬದವರನ್ನು ದೊಡ್ಡವರ ಉಡುಪು ತೋರಿಸಲು ನೇಮಿಸುವುದಿಲ್ಲವೆಂದೂ, ಫ್ರೆಂಚ್ ಅಳತೆಯ 32ನೆಯ ಗಾತ್ರವನ್ನು ಕೈಬಿಡುವುದಾಗಿಯೂ ಹೇಳಿದುವು. ಕೈಬಿಡುತ್ತೇವೆಂದರೆ ಅಲ್ಲಿಯವರೆಗೆ ಇತ್ತೆಂದೇ ಅರ್ಥ. ನ್ಯೂಯಾರ್ಕ್ ರಾಜ್ಯದಲ್ಲಿ ಈ ಕಸುಬಿನವರ ರಕ್ಷಣೆಗೆ ಪ್ರತ್ಯೇಕ ಶಾಸನ 2024ರಲ್ಲಿ ಆಗಿ 2025ರಲ್ಲಿ ಜಾರಿಗೆ ಬಂದಿತು. ಇಷ್ಟೂ ವರ್ಷ ಆ ಮುಖಗಳನ್ನು ಅತ್ಯಂತ ಹತ್ತಿರದಿಂದ, ಅತ್ಯಂತ ಒಳ್ಳೆಯ ಬೆಳಕಿನಲ್ಲಿ, ಜಗತ್ತಿನ ಅತ್ಯಂತ ಒಳ್ಳೆಯ ಛಾಯಾಚಿತ್ರಗಾರರು ತೆಗೆಯುತ್ತಲೇ ಇದ್ದರು.

ಪದ್ಧತಿ ಮುರಿದ ಸಂದರ್ಭಗಳು ಇಲ್ಲದಿಲ್ಲ. 1973ರ ನವೆಂಬರ್ 28ರಂದು ವರ್ಸಾಯ್ ಅರಮನೆಯ ಜೀರ್ಣೋದ್ಧಾರದ ಸಹಾಯಾರ್ಥವಾಗಿ ಐವರು ಫ್ರೆಂಚ್ ವಸ್ತ್ರವಿನ್ಯಾಸಕರೂ ಐವರು ಅಮೆರಿಕನ್ನರೂ ಎದುರುಬದುರಾಗಿ ಉಡುಪುಗಳನ್ನು ತೋರಿಸಿದರು. ಫ್ರೆಂಚರ ಕಡೆ ರಥಗಳೇನು, ರಾಕೆಟ್ಟೇನು, ವಾದ್ಯವೃಂದವೇನು! ಅಮೆರಿಕನ್ನರ ಕಡೆ ಹೆಚ್ಚಿನ ಸಾಮಗ್ರಿಯಿರಲಿಲ್ಲ. ಆಫ್ರಿಕದ ಮೂಲದ ಹಲವು ರೂಪದರ್ಶಿಗಳಿದ್ದರು. ಪ್ಯಾಟ್ ಕ್ಲೀವ್‌ಲೆಂಡ್ ಬುಗುರಿಯಂತೆ ಗಿರ್ರನೆ ತಿರುಗಿದಳು. ಬೆಥಾನ್ ಹಾರ್ಡಿಸನ್ ರಂಗದ ಅಂಚಿಗೆ ಬಂದು ಸಭೆಯನ್ನು ನೆಟ್ಟ ನೋಟದಿಂದ ನೋಡುತ್ತ ನಿಂತಳು. ಆಕೆಯೂ ನಗಲಿಲ್ಲ. ಆದರೆ ಆ ನಗದಿರುವಿಕೆ ಆಕೆಯದೇ ಆಗಿತ್ತು, ಸಭೆಗೆ ಅದು ತಿಳಿಯಿತು. ಪ್ಯಾರಿಸ್ಸಿನ ಗಣ್ಯರು ಕೈಯಲ್ಲಿದ್ದ ಕಾರ್ಯಕ್ರಮಪತ್ರಿಕೆಗಳನ್ನು ಮೇಲಕ್ಕೆ ತೂರಿ ಕೂಗಿದರು. 2019ರಲ್ಲಿ ಮಾರ್ಜಿಯೆಲಾ ಸಂಸ್ಥೆಯ ಪ್ರದರ್ಶನದ ಕೊನೆಗೆ ಲಿಯೊನ್ ಡಾಮ್ ಎಂಬ ಜರ್ಮನಿಯ ತರುಣನು ಬೆನ್ನು ಬಗ್ಗಿಸಿ, ನೆಲವನ್ನು ತುಳಿದು ಒಡೆಯುವವನಂತೆ ನಡೆದು ಬಂದಾಗ, ಎಂದೂ ಕಪ್ಪು ಕನ್ನಡಕದ ಹಿಂದೆ ಅಚಲಳಾಗಿ ಕುಳಿತಿರುವ ‘ವೋಗ್’ ಪತ್ರಿಕೆಯ ಅಂದಿನ ಸಂಪಾದಕಿ ಆನಾ ವಿಂಟೂರ್ ನಕ್ಕಳು. ಮುಂದಿನ ಸಾಲಿಗೂ ಒಂದು ನಿರ್ಭಾವದ ನಿಯಮವುಂಟೆಂಬುದು ಆ ನಗೆಯಿಂದಲೇ ಎಲ್ಲರ ಗಮನಕ್ಕೆ ಬಂದಂತಾಯಿತು.

ಅದೇ ಸಂಸ್ಥೆ 2024ರ ಜನವರಿಯಲ್ಲಿ, ಜಾನ್ ಗಲಿಯಾನೊ ವಿನ್ಯಾಸಕನಾಗಿದ್ದಾಗ, ಪ್ಯಾರಿಸ್ಸಿನ ಸೇನ್ ನದಿಯ ಮೂರನೆಯ ಅಲೆಕ್ಸಾಂಡರನ ಸೇತುವೆಯ ಕೆಳಗೆ ರಾತ್ರಿಯ ವೇಳೆ ನಡೆಸಿದ ಪ್ರದರ್ಶನವನ್ನು ಇಲ್ಲಿ ವಿಶೇಷವಾಗಿ ಹೆಸರಿಸಬೇಕು. ನಡುವನ್ನು ಬಿಗಿದ ಉಡುಪು ತೊಟ್ಟವರು ಕೀಲುಬೊಂಬೆಗಳಂತೆ ಒಲೆಯುತ್ತ, ತಡವರಿಸುತ್ತ, ಚಳಿಗೆ ಮೈ ಮುದುರುತ್ತ ಬಂದರು. ಪ್ಯಾಟ್ ಮೆಗ್ರಾತ್ ಎಂಬ ಪ್ರಸಾಧನಕಾರ್ತಿ ಅವರ ಮುಖಗಳನ್ನು ಹೊಳೆಯುವ ಪಿಂಗಾಣಿಯಂತೆ ಮಾಡಿದ್ದಳು. ಇಲ್ಲಿ ಬೊಂಬೆ ಬೊಂಬೆಯೆಂದೇ ರಂಗಕ್ಕೆ ಬಂದಿತ್ತು. ನಿರ್ಭಾವ ಗುಟ್ಟಾದ ನಿಯಮವಾಗಿ ಉಳಿಯದೆ ಪಾತ್ರವಾಗಿತ್ತು. ಮುಖ ಅಡಗಿಸಿದ್ದನ್ನು ಮೈ ಆಡಿ ತೋರಿಸುತ್ತಿತ್ತು. ಒಂದೂವರೆ ಶತಮಾನದ ಈ ಕಸುಬಿನಲ್ಲಿ ಔಚಿತ್ಯವರಿತ ನಿರ್ಭಾವವೆಂದು ಹೇಳಬಹುದಾದದ್ದು ಬಹಳ ಇಲ್ಲ; ಇದ್ದವುಗಳಲ್ಲಿ ಇದು ಒಂದು. ಆ ಪಿಂಗಾಣಿಯ ಹೊಳಪನ್ನು ತರುವುದು ಹೇಗೆಂದು ಮರುದಿನದಿಂದಲೇ ಜಗತ್ತಿನ ಹುಡುಗಿಯರು ತಮ್ಮ ಕನ್ನಡಿಗಳ ಮುಂದೆ ಪ್ರಯತ್ನಿಸತೊಡಗಿದರು. ಮೆಗ್ರಾತ್ ಕೆಲವು ದಿನ ರಹಸ್ಯವನ್ನು ಬಿಟ್ಟುಕೊಡಲಿಲ್ಲ. ಆಮೇಲೆ ಎಲ್ಲರಿಗೂ ಮಾಡಿ ತೋರಿಸಿದಳು. ಒಂದು ವರ್ಷವಾದ ಮೇಲೆ, 2025ರಲ್ಲಿ, ಅದೇ ಹೊಳಪಿನ ಮುಖಲೇಪವನ್ನು ತನ್ನ ಸಂಸ್ಥೆಯ ಹೆಸರಿನಲ್ಲಿ ಮಾರಾಟಕ್ಕೆ ತಂದಳು.